ದುಡಿಯುವ ತಾಯಿಗೆ ಚಿಲಕವಿರುವ ಒಂದು ಕೋಣೆ

ಎಮ್ಮೆ ಕಟ್ಟಿದ ಮನೆಯಲ್ಲಿ ಬೆಳೆದವರಿಗೆಲ್ಲ ಒಂದು ಸಂಗತಿ ಗೊತ್ತು. ಹಾಲು ಹಿಂಡುವ ಹೊತ್ತಿಗೆ ಗುರುತಿಲ್ಲದವರು ಬಂದು ಕೊಟ್ಟಿಗೆಯಲ್ಲಿ ನಿಂತರೆ, ನಾಯಿ ಬೊಗಳಿದರೆ, ಯಾರೋ ಬಕೆಟ್ಟು ಬೀಳಿಸಿ ಸದ್ದು ಮಾಡಿದರೆ ಎಮ್ಮೆ ತೊರೆ ಬಿಡುವುದಿಲ್ಲ. ಕೆಚ್ಚಲು ತುಂಬಿ ಕೈಗೆ ಗಟ್ಟಿಯಾಗಿ ಸಿಗುತ್ತದೆ, ಹಾಲು ಮಾತ್ರ ಇಳಿಯದು. ಹಳಿಯಾಳದ ಕಡೆಯ ನಮ್ಮ ಮನೆಯಲ್ಲಿ ಅವ್ವ ಎಮ್ಮೆ ಹಿಂಡಲು ಕುಳಿತಾಗ ಮಕ್ಕಳಾದ ನಮ್ಮನ್ನು ಕೊಟ್ಟಿಗೆಯ ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಒಂದು ಹೊತ್ತು ಹಿಂಡುವುದು ತಪ್ಪಿದರೆ ಕೆಚ್ಚಲು ಬಾವು ಬರುತ್ತದೆ, ನಾಲ್ಕು ದಿನ ಹೀಗೇ ಆದರೆ ಎಮ್ಮೆ ಬತ್ತಿಯೇ ಹೋಗುತ್ತದೆ ಎಂದು ಬೇರೆ ಹೇಳುತ್ತಿದ್ದಳು.

ಗುರುಮಠ ಸೇರಿ ತತ್ತ್ವಶಾಸ್ತ್ರ, ದೈವಶಾಸ್ತ್ರ ಓದಿದ ಮೇಲೂ ಅವ್ವನ ಆ ಪಾಠ ನನಗೆ ಮರೆತಿರಲಿಲ್ಲ. ಆದರೆ ಅದನ್ನು ಮನುಷ್ಯರ ವಿಷಯದಲ್ಲಿಯೂ ನೆನೆಯಬೇಕೆಂಬ ಬುದ್ಧಿ ಮಾತ್ರ ಬಂದಿರಲಿಲ್ಲ. ಅದು ಬಂದದ್ದು ಕಳೆದ ಮಳೆಗಾಲದಲ್ಲಿ.

ನಮ್ಮ ಧರ್ಮಕೇಂದ್ರದ ಕನ್ನಡ ಕುಟುಂಬವೊಂದರ ಸೊಸೆಯನ್ನು ದವಾಖಾನೆಯ ಸಿಸ್ಟರ್ ಒಂದು ಸಂಜೆ ನನ್ನ ಬಳಿಗೆ ಕರೆತಂದರು. ಗದಗ ಜಿಲ್ಲೆಯ ಒಕ್ಕಲು ಮನೆತನ. ಊರಲ್ಲಿ ನಾಲ್ಕು ಎಕರೆ ಬೆದ್ದಲು ಇದೆ, ನೀರು ಬಾರದ ಒಂದು ಬೋರ್‌ವೆಲ್ ಇದೆ, ಅದಕ್ಕಾಗಿ ಮಾಡಿದ ಸಾಲವೂ ಇದೆ. ಗಂಡ ಗೌಂಡಿ ಕೆಲಸಕ್ಕೆ ಹೋಗುತ್ತಾನೆ. ಈಕೆ ಗುತ್ತಿಗೆದಾರನ ಮೂಲಕ ಒಂದು ದೊಡ್ಡ ಹೋಟೆಲಿನಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ವಿಭಾಗದಲ್ಲಿ ದುಡಿಯುತ್ತಾಳೆ. ಹೋಟೆಲಿನ ಹೆಸರು ಇಲ್ಲಿ ಬೇಡ. ಹೆರಿಗೆಯಾಗಿ ಮೂರು ತಿಂಗಳಿಗೇ ಆಕೆ ಕೆಲಸಕ್ಕೆ ಮರಳಿದ್ದಳು. ಕೂಸು ಅತ್ತೆಯ ಬಳಿ ಮನೆಯಲ್ಲಿ. ಬಸ್ಸಿನ ಹಾದಿ, ಪಾಳಿಯ ಹೊತ್ತು ಎಲ್ಲ ಸೇರಿ ದಿನಕ್ಕೆ ಹತ್ತು ತಾಸು ತಾಯಿ ಒಂದು ಕಡೆ, ಮಗು ಒಂದು ಕಡೆ.

ತಲೆ ತಗ್ಗಿಸಿಕೊಂಡೇ ಆಕೆ ಹೇಳಿದಳು: “ಮೂರು ತಾಸಿಗೊಮ್ಮೆ ಎದಿ ಕಲ್ಲಾಗತೈತ್ರಿ ಫಾದರ್. ಅಂಗಿ ತೊಯ್ದು ಹೋಗತೈತಿ. ಪಾಯಖಾನ್ಯಾಗ ನಿಂತು ಹಿಂಡಿ ಚೆಲ್ಲತೇನ್ರಿ. ಹೊರಗ ಯಾರರ ಬಾಗಿಲಾ ಬಡದ್ರ ಅದೂ ನಿಂತ ಬಿಡತೈತ್ರಿ.”

ಒಂದು ತಿಂಗಳೊಳಗೆ ಹಾಲು ಕಡಿಮೆಯಾಗುತ್ತಾ ಬಂದಿತ್ತು. ಮನೆಯಲ್ಲಿ ಡಬ್ಬಿಯ ಹಾಲಿನ ಪುಡಿ ತಂದರು. ಮಳೆಗಾಲದ ನೀರು, ಸರಿಯಾಗಿ ಕುದಿಸದ ಬಾಟಲಿ; ಕೂಸಿಗೆ ಭೇದಿ ಹತ್ತಿತು, ಎರಡು ದಿನ ಆಸ್ಪತ್ರೆಯಲ್ಲಿ ಇಡಬೇಕಾಯಿತು. ಈಗ ಕೆಲಸ ಬಿಡುವುದೇ ಸರಿಯೆಂದು ಗಂಡನ ಮನೆಯವರು ಹೇಳುತ್ತಿದ್ದರು. ಬಿಟ್ಟರೆ ಸಾಲದ ಕಂತು ಕಟ್ಟುವವರು ಯಾರು? ಆಕೆ ನನ್ನ ಬಳಿ ಬಂದದ್ದು ಪ್ರಾರ್ಥನೆಗೆಂದು. ಸಿಸ್ಟರ್ ಕರೆತಂದದ್ದು ಬೇರೆ ಕಾರಣಕ್ಕೆ. “ಫಾದರ್, ಈಕೆಗೆ ಬೇಕಾಗಿರುವುದು ಔಷಧಿಯಲ್ಲ, ಒಂದು ಬಾಗಿಲು” ಎಂದರು.

ಈ ಅಂಕಣದಲ್ಲಿ ಗೇರು ಮರದ ಕಾಂಡಕೊರಕದ ಬಗ್ಗೆ, ಭತ್ತದ ಸಸಿಮಡಿಯ ಬಗ್ಗೆ, ಸಕ್ಕರೆ ಕಾಯಿಲೆಯ ಬಗ್ಗೆ ಬರೆದಾಗ ಯಾರೂ ಹುಬ್ಬೇರಿಸಿರಲಿಲ್ಲ. ಎದೆಹಾಲಿನ ವಿಷಯವನ್ನು ಫಾದರ್ ಬರೆಯುವುದೇ ಎಂದು ಈ ಸಲ ಕೆಲವರು ಕೇಳಬಹುದು. ಅವರಿಗೆ ಒಂದೇ ಮಾತು. 2014ರ ಜನವರಿಯಲ್ಲಿ ವ್ಯಾಟಿಕನ್ನಿನ ಸಿಸ್ಟೈನ್ ಚಾಪೆಲ್‌ನಲ್ಲಿ ಶಿಶುಗಳಿಗೆ ದೀಕ್ಷಾಸ್ನಾನ ಕೊಡುತ್ತಿದ್ದಾಗ, ಮಗು ಹಸಿದು ಅತ್ತರೆ ಸಂಕೋಚಪಡದೆ ಅಲ್ಲಿಯೇ ಹಾಲುಣಿಸಿರೆಂದು ಪೋಪ್ ಫ್ರಾನ್ಸಿಸ್ ತಾಯಂದಿರಿಗೆ ಹೇಳಿದ್ದರು. ಮುಂದಿನ ವರ್ಷಗಳಲ್ಲಿಯೂ ಅದನ್ನೇ ಹೇಳಿದರು. ಅವರು ತೀರಿಕೊಂಡದ್ದು 2025ರ ಏಪ್ರಿಲ್‌ನಲ್ಲಿ. ಮೈಕೆಲೇಂಜೆಲೋ ಬರೆದ ಚಿತ್ರಗಳ ಕೆಳಗೆ ಆಡಬಹುದಾದ ಮಾತನ್ನು ನಮ್ಮ ಪತ್ರಿಕೆಯಲ್ಲಿಯೂ ಆಡಬಹುದು.

ಈಗ ದೇಹದೊಳಗಿನ ಸಂಗತಿಯನ್ನು ನೋಡೋಣ. ತಾಯಿಯ ಎದೆಯಲ್ಲಿ ಹಾಲು ತಯಾರಾಗುವುದು ಬೇರೆ, ಇಳಿದು ಬರುವುದು ಬೇರೆ. ತಯಾರಿಗೆ ಪ್ರೊಲ್ಯಾಕ್ಟಿನ್ ಎಂಬ ರಸದೂತ, ಇಳಿಯುವುದಕ್ಕೆ ಆಕ್ಸಿಟೋಸಿನ್ ಎಂಬ ಇನ್ನೊಂದು. ಮಗು ಬಾಯಿ ಹಚ್ಚಿದಾಗ, ಕೆಲವು ತಾಯಂದಿರಿಗೆ ಮಗುವಿನ ಅಳು ಕೇಳಿದಾಗ ಅಥವಾ ಮಗುವನ್ನು ನೆನೆದಾಗಲೂ, ಮಿದುಳಿನ ಬುಡದಲ್ಲಿರುವ ಗ್ರಂಥಿಯಿಂದ ಆಕ್ಸಿಟೋಸಿನ್ ರಕ್ತಕ್ಕೆ ಬರುತ್ತದೆ. ಹಾಲಿನ ಚೀಲಗಳ ಸುತ್ತಲಿನ ಸಣ್ಣ ಸ್ನಾಯುಗಳು ಆಗ ಬಿಗಿದು ಹಾಲನ್ನು ಕೆಳಕ್ಕೆ ನೂಕುತ್ತವೆ. ನಾವು ತೊರೆ ಬಿಡುವುದು ಎನ್ನುವುದು ಇದನ್ನೇ. ಹೆದರಿಕೆ, ನಾಚಿಕೆ, ಗಡಿಬಿಡಿ, ನೋವು ಇದ್ದಲ್ಲಿ ಈ ಕ್ರಿಯೆಗೆ ತಡೆಯಾಗುತ್ತದೆ. ಬಾಗಿಲು ಬಡಿದ ಸದ್ದಿಗೆ ಆ ಸೊಸೆಯ ಹಾಲು ನಿಂತುಹೋದದ್ದು ಆಕೆಯ ಮನಸ್ಸಿನ ದೌರ್ಬಲ್ಯದಿಂದಲ್ಲ. ನಮ್ಮ ಅವ್ವನ ಎಮ್ಮೆಗೆ ಆಗುತ್ತಿದ್ದುದೂ ಅದೇ.

ಎರಡನೆಯ ಸಂಗತಿ, ಎದೆಯಲ್ಲಿ ಉಳಿದ ಹಾಲೇ ‘ಇನ್ನು ಸಾಕು’ ಎಂದು ಎದೆಗೆ ತಿಳಿಸುತ್ತದೆ. ಖಾಲಿಯಾದಷ್ಟೂ ಹೊಸದು ಬರುತ್ತದೆ, ತುಂಬಿಯೇ ಉಳಿದರೆ ತಯಾರಿ ಕುಗ್ಗುತ್ತದೆ. ಆದ್ದರಿಂದ ಕೆಲಸದ ಹೊತ್ತಿನಲ್ಲಿ ಎರಡು ಮೂರು ಸಲ ಹಾಲು ತೆಗೆಯದ ತಾಯಿಗೆ ಮನೆಗೆ ಬಂದ ಮೇಲೆ ಬೇಕಾದಷ್ಟು ಹಾಲು ಇರುವುದಿಲ್ಲ. ‘ಅವಳಿಗೆ ಹಾಲೇ ಕಡಿಮೆ’ ಎಂದು ಮನೆಯವರು ಹೇಳುತ್ತಾರೆ. ಅನೇಕ ಸಲ ಕಡಿಮೆ ಇರುವುದು ಹಾಲಲ್ಲ, ಅದನ್ನು ತೆಗೆಯುವ ಅವಕಾಶ.

ಪಾಯಖಾನೆ ಏಕೆ ಆಗದು ಎಂದು ಕೇಳುವವರಿದ್ದಾರೆ. ನೀವು ಅಲ್ಲಿ ನಿಂತು ರೊಟ್ಟಿ ತಿನ್ನುತ್ತೀರೇನು ಎಂದು ನಾನು ಅವರನ್ನು ಕೇಳಿದ್ದುಂಟು. ಹಿಂಡಿದ ಹಾಲು ಕೂಸಿನ ಊಟ. ಕೂರಲು ಜಾಗವಿಲ್ಲದ, ನೀರು ಸಿಡಿಯುವ, ಎಲ್ಲರೂ ಮುಟ್ಟುವ ಚಿಲಕವಿರುವ ಜಾಗದಲ್ಲಿ ಅದನ್ನು ಪಾತ್ರೆಗೆ ಹಿಡಿಯಲಾಗದು, ಚೆಲ್ಲುವುದೊಂದೇ ದಾರಿ. ಅಮೆರಿಕದಲ್ಲಿ 2010ರಲ್ಲಿ ಮಾಡಿದ ಕಾನೂನಿನಲ್ಲಿಯೇ, ಕೊಡುವ ಸ್ಥಳ ಶೌಚಾಲಯವಾಗಿರಕೂಡದು, ಯಾರ ಕಣ್ಣಿಗೂ ಬೀಳದಂತೆ, ಯಾರೂ ಒಳನುಗ್ಗದಂತೆ ಇರಬೇಕು ಎಂದು ಸ್ಪಷ್ಟವಾಗಿ ಬರೆದರು. 2022ರ ಡಿಸೆಂಬರ್‌ನಲ್ಲಿ ಇನ್ನೊಂದು ಕಾನೂನಿನಿಂದ ಅದನ್ನು ಶಿಕ್ಷಕಿಯರಿಗೆ, ದಾದಿಯರಿಗೆ, ಹೊಲದಲ್ಲಿ ದುಡಿಯುವ ಹೆಂಗಸರಿಗೂ ವಿಸ್ತರಿಸಿದರು. ಆ ದೇಶದಲ್ಲಿ ಸಂಬಳಸಹಿತ ಹೆರಿಗೆ ರಜೆಯನ್ನು ಎಲ್ಲರಿಗೂ ಕೊಡುವ ರಾಷ್ಟ್ರೀಯ ಕಾನೂನು ಇಲ್ಲ, ಅದರಲ್ಲಿ ನಮ್ಮದೇ ಮೇಲು. ಕೋಣೆಯ ವಿಷಯದಲ್ಲಿ ಮಾತ್ರ ಅವರು ನಮಗಿಂತ ಸ್ಪಷ್ಟವಾಗಿ ಯೋಚಿಸಿದ್ದಾರೆ.

ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಪ್ರತ್ಯೇಕ ಕಾನೂನು ಬೇಕಾಗಿರಲಿಲ್ಲ. ಕಳೆ ತೆಗೆಯಲು, ಕಡಲೆ ಕೀಳಲು ಹೋಗುವ ತಾಯಿ ಕೂಸನ್ನು ಹೊಲಕ್ಕೇ ಒಯ್ಯುತ್ತಿದ್ದಳು. ಬದುವಿನ ಮೇಲಿನ ಬೇವಿನ ಮರಕ್ಕೆ ಹಳೆಯ ಸೀರೆಯ ಜೋಳಿಗೆ, ಅದರೊಳಗೆ ಕೂಸು, ಕಾಯಲು ಅದರ ಅಕ್ಕನೋ ಮುದುಕಿಯೋ. ಅತ್ತಾಗ ತಾಯಿ ಸಾಲು ಬಿಟ್ಟು ಬಂದು, ಮರದ ಮರೆಗೆ ಬೆನ್ನು ಕೊಟ್ಟು ಕುಳಿತು ಹಾಲೂಡಿಸಿ ಹೋಗುತ್ತಿದ್ದಳು. ಒಡೆಯ ಎಷ್ಟೇ ಜಿಪುಣನಾದರೂ ಆ ಹೊತ್ತಿಗೆ ಕೂಲಿ ಮುರಿದದ್ದನ್ನು ನಾನು ಕಂಡಿಲ್ಲ. ಹಾಗೆಂದು ಆ ಕಾಲವೇ ಚೆನ್ನಾಗಿತ್ತೆಂದು ಹೇಳಲಾರೆ. ಬಿಸಿಲು, ಇರುವೆ, ಹಾವುಗಳಿಂದ ತೊಂದರೆಗೊಳಗಾದ ಕೂಸುಗಳೂ ಇದ್ದವು. ಆದರೆ ಕೆಲಸದ ಜಾಗಕ್ಕೂ ಕೂಸಿಗೂ ನಡುವೆ ಇದ್ದದ್ದು ಐವತ್ತು ಹೆಜ್ಜೆ. ಅದೇ ಮನೆತನದ ಮಗಳು ಇಂದು ಗೋವೆಗೆ ಬಂದು ವೆರ್ಣಾದ ಕಾರ್ಖಾನೆಯಲ್ಲೋ, ಗೇರುಬೀಜದ ಕಾರ್ಖಾನೆಯಲ್ಲೋ, ಹೋಟೆಲಿನಲ್ಲೋ ದುಡಿಯುವಾಗ ಆ ಐವತ್ತು ಹೆಜ್ಜೆ ಎರಡು ಬಸ್ಸಿನ ಹಾದಿಯಾಗಿದೆ. ಕೂಸು ತಾಯಿಯ ಬಳಿಗೆ ಹೋಗಲಾರದು, ತಾಯಿ ಕೂಸಿನ ಬಳಿಗೆ ಬರಲಾರಳು. ಪ್ರಯಾಣ ಮಾಡಬಹುದಾದದ್ದು ಹಾಲು ಮಾತ್ರ.

ನಮ್ಮ ಕಾನೂನು ಎಡವಿದ್ದು ಇಲ್ಲಿಯೇ ಎಂದು ನನಗೆ ತೋರುತ್ತದೆ. 1961ರ ಹೆರಿಗೆ ಸೌಲಭ್ಯ ಕಾಯಿದೆಯಲ್ಲಿ ಕೆಲಸಕ್ಕೆ ಮರಳಿದ ತಾಯಿಗೆ ಮಗು 15 ತಿಂಗಳಾಗುವವರೆಗೆ, ಮಾಮೂಲು ವಿಶ್ರಾಂತಿಯಲ್ಲದೆ ದಿನಕ್ಕೆ ಎರಡು ಹಾಲೂಡಿಕೆಯ ವಿರಾಮಗಳಿವೆ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು. 50 ಅಥವಾ ಹೆಚ್ಚು ಜನ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಲು ಬಿಡಬೇಕು ಎಂದಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಆ ಕಾಯಿದೆ ಸೇರಿಹೋಗಿದೆ, ಈ ಸೌಲಭ್ಯಗಳು ಹಾಗೆಯೇ ಮುಂದುವರಿದಿವೆ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. ಗುತ್ತಿಗೆದಾರನ ಮೂಲಕ ದುಡಿಯುತ್ತೇವೆ, ನಮಗೆ ಇದೆಲ್ಲ ಇಲ್ಲ ಎಂದು ನಮ್ಮ ಹೆಣ್ಣುಮಕ್ಕಳು ಸುಮ್ಮನಾಗುತ್ತಾರೆ; ಅದು ತಪ್ಪು ತಿಳಿವಳಿಕೆ, ಕೇಳಬೇಕು. ಇ.ಎಸ್.ಐ. ಚೀಟಿಯಿದ್ದವರು ಅದರ ಕಚೇರಿಯಲ್ಲಿ ಕೇಳಬೇಕು.

ಇಷ್ಟೆಲ್ಲ ಬರೆದವರು ಕೂಸು ಹತ್ತಿರದಲ್ಲಿಯೇ ಇದೆ ಎಂದು ಎಣಿಸಿ ಬರೆದರು. ಕೇಂದ್ರವಿಲ್ಲದ ಕಡೆ ಎರಡು ವಿರಾಮ ಪಡೆದ ತಾಯಿ ಎಲ್ಲಿ ಕೂತು ಏನು ಮಾಡಬೇಕು ಎಂಬುದಕ್ಕೆ ಉತ್ತರವಿಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರಷ್ಟು ಹಿಂದೆಯೇ ದಿನಕ್ಕೆ ಎರಡು ಅರ್ಧ ಗಂಟೆಗಳ ವಿರಾಮ ಹೇಳಿತ್ತು. 2000ದಲ್ಲಿ ತನ್ನ ಶಿಫಾರಸಿನಲ್ಲಿ, ಕೆಲಸದ ಸ್ಥಳದಲ್ಲಿಯೋ ಅದರ ಹತ್ತಿರವೋ ಶುಚಿಯಾದ ಏರ್ಪಾಡು ಇರಬೇಕೆಂಬುದನ್ನೂ ಸೇರಿಸಿತು. ನ್ಯಾಯಾಲಯಗಳು ಈಗ ಆ ಕಡೆಗೆ ನಡೆಯುತ್ತಿವೆ. 2021ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು, ಹಾಲೂಡಿಸುವುದು ತಾಯಿಯಿಂದ ಕಸಿಯಲಾಗದ ಹಕ್ಕು, ಸಂವಿಧಾನದ 21ನೇ ವಿಧಿಯ ರಕ್ಷಣೆ ಅದಕ್ಕಿದೆ ಎಂದು ತೀರ್ಪಿತ್ತರು. 2025ರ ಫೆಬ್ರವರಿಯಲ್ಲಿ ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟಿನ ಪೀಠವು, ಸಾರ್ವಜನಿಕ ಸ್ಥಳಗಳಲ್ಲಿ ಹಾಲೂಡಿಸುವ ಕೋಣೆಗಳ ಬಗ್ಗೆ ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ರಾಜ್ಯಗಳಿಗೆ ಕಳುಹಿಸಿದ್ದ ಸೂಚನೆಯನ್ನು ಜಾರಿಗೆ ತರುವಂತೆ ಹೇಳಿತು. ತಮಿಳುನಾಡು ಸರ್ಕಾರ 2015ರಲ್ಲಿಯೇ ಬಸ್ ನಿಲ್ದಾಣಗಳಲ್ಲಿ ಇಂಥ ಕೋಣೆಗಳನ್ನು ತೆರೆದಿತ್ತು. ಕರ್ನಾಟಕ ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಪ್ರಕಟಿಸಿತು. ಹೆಸರಂತೂ ಬಹಳ ಚೆನ್ನಾಗಿದೆ. ಸುಗ್ಗಿಗೆ ಊರಿಗೆ ಹೋಗುವವರು ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ, ಬಾಗಿಲು ತೆರೆದಿದೆಯೇ ಎಂದು ವಿಚಾರಿಸಿಕೊಂಡು ಬನ್ನಿ.

ಕಾನೂನು ಇರಲಿ. ಆ ಸೊಸೆಯ ಪಾಲಿಗೆ ಆದದ್ದನ್ನು ಹೇಳುತ್ತೇನೆ. ಸಿಸ್ಟರ್ ಮತ್ತು ನಾನು ಆಕೆಯ ವಿಭಾಗದ ಮೇಲ್ವಿಚಾರಕರನ್ನು ಹೋಗಿ ಕಂಡೆವು. ಕಾಯಿದೆಯ ಪುಸ್ತಕ ಒಯ್ಯಲಿಲ್ಲ. ಆತ ಕೆಟ್ಟ ಮನುಷ್ಯನಲ್ಲ. ಇಪ್ಪತ್ತು ವರ್ಷದಲ್ಲಿ ಯಾರೂ ತನ್ನನ್ನು ಇದನ್ನು ಕೇಳಿರಲಿಲ್ಲ ಎಂದ. “ಒಬ್ಬಳಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಫಾದರ್” ಎಂದೂ ಅಂದ. ನಿಮ್ಮ ವಿಭಾಗದಲ್ಲಿ ಎಳೆಗೂಸಿನ ತಾಯಂದಿರು ಎಷ್ಟು ಮಂದಿ ಎಂದು ಸಿಸ್ಟರ್ ಕೇಳಿದರು. ಎಣಿಸಿ ನೋಡಿದರೆ ಇಬ್ಬರು. ಒಗೆದ ಚಾದರಗಳನ್ನು ಇಡುವ ಸಣ್ಣ ಉಗ್ರಾಣವೊಂದಿತ್ತು, ಒಳಗಿನಿಂದ ಹಾಕುವ ಚಿಲಕವಿರಲಿಲ್ಲ. ನಾಲ್ಕು ದಿನದಲ್ಲಿ ಚಿಲಕ ಬಂತು, ಪ್ಲಾಸ್ಟಿಕ್ ಕುರ್ಚಿಯೊಂದು ಬಂತು. ಬೆಳಿಗ್ಗೆ ಹನ್ನೊಂದಕ್ಕೆ ಇಪ್ಪತ್ತು ನಿಮಿಷ, ಮಧ್ಯಾಹ್ನ ಎರಡೂವರೆಗೆ ಇಪ್ಪತ್ತು ನಿಮಿಷ. ಹೋಟೆಲಿಗೆ ಇದರಿಂದ ಆದ ಖರ್ಚು ಒಂದು ಚಿಲಕದ ಬೆಲೆ.

ಇಂಥ ಕೋಣೆಗೆ ಏನೇನು ಬೇಕು ಎಂದು ಆಮೇಲೆ ಇಬ್ಬರು ಅಂಗಡಿ ಮಾಲೀಕರು ನನ್ನನ್ನು ಕೇಳಿದರು. ಹೆಚ್ಚೇನೂ ಬೇಡ. ಒಳಗಿನಿಂದ ಹಾಕುವ ಚಿಲಕ ಎಲ್ಲಕ್ಕಿಂತ ಮುಖ್ಯ. ಕಿಟಕಿಗೆ ಪರದೆ, ಬೆನ್ನಿಗೆ ಆಸರೆಯಿರುವ ಕುರ್ಚಿ, ಪಾತ್ರೆ ಇಡಲು ಒಂದು ಹಲಗೆ, ಹತ್ತಿರದಲ್ಲಿ ಕೈ ತೊಳೆಯಲು ಸೋಪು ನೀರು, ಸೆಕೆಯ ನಾಡಾದ್ದರಿಂದ ಒಂದು ಪಂಖಾ. ವಿದ್ಯುತ್ ಪಂಪು ಬಳಸುವವರಿಗೆ ಪ್ಲಗ್ಗು. ಕ್ಯಾಮರಾ ಇರಕೂಡದು, ಈಗ ಅಂಗಡಿಗಳಲ್ಲಿ ಉಗ್ರಾಣದಲ್ಲಿಯೂ ಕ್ಯಾಮರಾ ಇರುತ್ತದೆ, ಮೊದಲೇ ನೋಡಿಕೊಳ್ಳಬೇಕು. ಬೇರೆಯೇ ಕೋಣೆ ಕೊಡಲಾಗದಿದ್ದರೆ ಲೆಕ್ಕದವರ ಕೋಣೆಯನ್ನು ಗೊತ್ತಾದ ಹೊತ್ತಿಗೆ ಬಿಟ್ಟುಕೊಡಬಹುದು. ಹೊತ್ತು ಗೊತ್ತಾಗಿರಬೇಕು, ದಿನವೂ ಅದೇ ಇರಬೇಕು. ಎಮ್ಮೆ ಹಿಂಡುವ ಹೊತ್ತನ್ನು ದಿನಕ್ಕೊಂದು ಬಗೆ ಮಾಡಿದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಹಾಲು ತೆಗೆಯುವ ರೀತಿಯನ್ನು ಸಿಸ್ಟರ್ ನಮ್ಮ ತಾಯಂದಿರಿಗೆ ಹೇಳಿಕೊಡುತ್ತಿದ್ದಾರೆ. ಅವರು ಹೇಳಿದಂತೆಯೇ ಇಲ್ಲಿ ಬರೆಯುತ್ತೇನೆ. ಮೊದಲು ಸೋಪಿನಿಂದ ಕೈ ತೊಳೆಯಬೇಕು. ಬಾಯಿ ಅಗಲವಾದ, ಮುಚ್ಚಳವಿರುವ ಸ್ಟೀಲ್ ಡಬ್ಬಿಯನ್ನು ಮನೆಯಲ್ಲಿಯೇ ಕುದಿಸಿ ಒಣಗಿಸಿ ತಂದಿರಬೇಕು. ಆರಾಮವಾಗಿ ಕುಳಿತು, ಮಗುವನ್ನು ನೆನೆದು, ಮಗುವಿನ ಫೋಟೋ ಇದ್ದರೆ ನೋಡಿ, ಎದೆಯನ್ನು ಮೆಲ್ಲಗೆ ಸವರಿಕೊಳ್ಳಬೇಕು. ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲಿ ಮೇಲೆ ಹೆಬ್ಬೆರಳು, ಕೆಳಗೆ ತೋರುಬೆರಳು ಇಟ್ಟು, ಮೊದಲು ಪಕ್ಕೆಲುಬಿನ ಕಡೆಗೆ ಒತ್ತಿ, ಆಮೇಲೆ ಎರಡು ಬೆರಳುಗಳನ್ನು ಸೇರಿಸಿ ಒತ್ತಿ ಬಿಡಬೇಕು. ಒತ್ತುವುದು, ಬಿಡುವುದು. ಎಮ್ಮೆಯ ಮೊಲೆ ಎಳೆದಂತೆ ತೊಟ್ಟನ್ನು ಎಳೆಯಕೂಡದು, ಬೆರಳು ಚರ್ಮದ ಮೇಲೆ ಜಾರಕೂಡದು. ಮೊದಲ ಒಂದೆರಡು ನಿಮಿಷ ಹನಿಯೂ ಬಾರದಿರಬಹುದು, ಹೆದರಬೇಕಾಗಿಲ್ಲ. ಬೆರಳುಗಳನ್ನು ಸುತ್ತಲೂ ಸರಿಸುತ್ತಾ, ಒಂದು ಕಡೆ ಕಡಿಮೆಯಾದಾಗ ಇನ್ನೊಂದು ಕಡೆ, ಹೀಗೆ ಇಪ್ಪತ್ತರಿಂದ ಮೂವತ್ತು ನಿಮಿಷ. ಕೈಯಿಂದ ಒತ್ತುವ ಪಂಪು, ವಿದ್ಯುತ್ತಿನ ಪಂಪು ಔಷಧಿ ಅಂಗಡಿಯಲ್ಲಿ ಸಿಗುತ್ತವೆ. ಅನುಕೂಲವಿದ್ದವರು ಕೊಳ್ಳಬಹುದು, ಆದರೆ ಅದರ ಬಿಡಿಭಾಗಗಳನ್ನು ಪ್ರತಿ ಸಲ ತೊಳೆಯುವ ವ್ಯವಸ್ಥೆ ಇಲ್ಲದಿದ್ದರೆ ಕೈಯೇ ಮೇಲು.

ಗೇರುಬೀಜದ ಕಾರ್ಖಾನೆಗೆ ಹೋಗುವವರಿಗೆ ಒಂದು ಎಚ್ಚರಿಕೆ. ಗೇರು ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುವಂಥದ್ದು, ಬರಿಯ ನೀರಿಗೆ ಹೋಗುವುದಿಲ್ಲ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಿಂದ ಒರೆಸಿ, ಆಮೇಲೆ ಸೋಪು ಹಾಕಿ ಎರಡು ಸಲ ತೊಳೆದ ನಂತರವೇ ಎದೆ ಮುಟ್ಟಬೇಕು. ತೋಟದಲ್ಲಿ ಔಷಧಿ ಹೊಡೆಯುವ ದಿನ ಎಳೆಗೂಸಿನ ತಾಯಿಯನ್ನು ಆ ಕೆಲಸಕ್ಕೇ ಹಚ್ಚಬಾರದು.

ಹಿಂಡಿದ ಹಾಲು ಎಷ್ಟು ಹೊತ್ತು ಇರುತ್ತದೆ? 25 ಡಿಗ್ರಿಯೊಳಗಿನ ತಂಪಾದ ಕೋಣೆಯಲ್ಲಿ 4 ಗಂಟೆ ಎಂಬ ಲೆಕ್ಕವನ್ನು ಇಟ್ಟುಕೊಳ್ಳಿ. ಗೋವೆಯಲ್ಲಿ ಅಷ್ಟು ತಂಪು ಸಿಗುವುದು ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಮಾತ್ರ. ಆದ್ದರಿಂದ ಫ್ರಿಜ್ಜು ಬೇಕು, ಇಲ್ಲವೇ ಮಂಜುಗಡ್ಡೆ ಪೊಟ್ಟಣ ಹಾಕಿದ ಥರ್ಮೋಸಿನಂಥ ಪೆಟ್ಟಿಗೆ ಬೇಕು. ಗಟ್ಟಿಯಾದ ಮಂಜುಗಡ್ಡೆಯ ಜೊತೆ ಪೆಟ್ಟಿಗೆಯಲ್ಲಿ 24 ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ (ಬಾಗಿಲಿನಲ್ಲಿ ಅಲ್ಲ) 4 ದಿನ ಇರುತ್ತದೆ. ಡಬ್ಬಿಯ ಮೇಲೆ ತಾರೀಕು, ಹೊತ್ತು ಬರೆದ ಚೀಟಿ ಅಂಟಿಸಿ, ಹಳೆಯದನ್ನು ಮೊದಲು ಬಳಸಿ. ಕೆನೆ ಮೇಲೆ ಬಂದು ಹಾಲು ಎರಡು ಪದರವಾದರೆ ಕೆಟ್ಟಿತೆಂದು ಚೆಲ್ಲಬೇಡಿ, ಮೆಲ್ಲಗೆ ಅಲುಗಿಸಿದರೆ ಕೂಡುತ್ತದೆ. ಒಲೆಯ ಮೇಲೆ ಕಾಯಿಸಕೂಡದು. ಬಿಸಿನೀರಿನ ಬೋಗುಣಿಯಲ್ಲಿ ಡಬ್ಬಿಯನ್ನಿಟ್ಟು ಬೆಚ್ಚಗೆ ಮಾಡಿ, ಬೆಚ್ಚಗಾದದ್ದನ್ನು 2 ಗಂಟೆಯೊಳಗೆ ಕುಡಿಸಿ. ಕೂಸು ಬಿಟ್ಟದ್ದನ್ನು ಮತ್ತೆ ಎತ್ತಿಡಬೇಡಿ.

ಇನ್ನು ಮನೆಯಲ್ಲಿರುವ ಅತ್ತೆಯಂದಿರಿಗೆ, ಅಜ್ಜಿಯಂದಿರಿಗೆ ಒಂದೆರಡು ಮಾತು. ಈ ಹಾಲನ್ನು ಕೂಸಿನ ಬಾಯಿಗೆ ಹಾಕುವವರು ನೀವೇ ಆದ್ದರಿಂದ ನೀವು ಒಪ್ಪದಿದ್ದರೆ ಎಲ್ಲ ದಂಡ. ಬಿಸಿಲಲ್ಲಿ ದುಡಿದು ಬಂದವಳ ಹಾಲು ಕಾದಿರುತ್ತದೆ, ಮೊದಲ ಹಾಲನ್ನು ಚೆಲ್ಲಿ ಕುಡಿಸಬೇಕು ಎನ್ನುತ್ತೀರಿ. ಹಾಲು ಕಾಯುವುದಿಲ್ಲ, ದಣಿದ ತಾಯಿಯ ಹಾಲು ಹುಳಿಯುವುದೂ ಇಲ್ಲ. ಪಾತ್ರೆಗೆ ಹಿಂಡಿದ ಹಾಲಿಗೆ ದೃಷ್ಟಿ ತಾಗುತ್ತದೆ ಎಂದವರೂ ಇದ್ದಾರೆ. ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಎಂಬ ಶಿಶುವೈದ್ಯೆ 1989ರಲ್ಲಿ ಎದೆಹಾಲಿನ ಬ್ಯಾಂಕನ್ನೇ ತೆರೆದರು. ಏಷ್ಯಾದಲ್ಲಿ ಅದೇ ಮೊದಲನೆಯದು. ತಾಯಂದಿರು ಕೊಟ್ಟ ಹಾಲನ್ನು ಶುದ್ಧೀಕರಿಸಿ, ತಂಪಿನಲ್ಲಿಟ್ಟು, ದಿನ ತುಂಬದೆ ಹುಟ್ಟಿದ ಅಂಗೈಯಗಲದ ಕೂಸುಗಳಿಗೆ ಅಲ್ಲಿ ಕೊಡುತ್ತಾರೆ. ಅಂಥ ಕೂಸುಗಳು ಅದನ್ನು ಕುಡಿದು ಬದುಕುವಾಗ ನಿಮ್ಮ ಸೊಸೆಯ ಹಾಲು ನಿಮ್ಮ ಮೊಮ್ಮಗನಿಗೆ ಆಗದೇನು?

ಬಾಟಲಿ ಬೇಡ. ಅದರ ರಬ್ಬರಿನಲ್ಲಿ ಕೊಳೆ ಉಳಿಯುತ್ತದೆ, ಕೂಸು ಆ ರಬ್ಬರಿಗೆ ಒಗ್ಗಿ ಎದೆಯನ್ನೇ ಬಿಡುವುದೂ ಉಂಟು. ನಮ್ಮ ದೇಶದಲ್ಲಿ ಬಾಟಲಿ ಮತ್ತು ಹಾಲಿನ ಪುಡಿಯ ಜಾಹೀರಾತನ್ನು 1992ರ ಕಾನೂನೇ ನಿಷೇಧಿಸಿದೆ. ನಿಮ್ಮ ಅಟ್ಟದ ಮೇಲೆ ಹುಡುಕಿ ನೋಡಿ, ಬೆಳ್ಳಿಯದೊಂದು ಒಳಲೆ ಇದ್ದೀತು. ಅದನ್ನು ತಿಕ್ಕಿ ಕುದಿಸಿ ಬಳಸಿ. ಬೆಳ್ಳಿಯದು ಅಥವಾ ಸ್ಟೀಲಿನದಾದರೆ ಒಳ್ಳೆಯದು. ಆಸ್ಪತ್ರೆಗಳಲ್ಲಿ ಎಳೆಗೂಸುಗಳಿಗೆ ಇಂದಿಗೂ ಒಳಲೆಯಂಥದೇ ಬಟ್ಟಲಿನಿಂದ ಹಾಲು ಕುಡಿಸುತ್ತಾರೆ. ಒಳಲೆ ಇಲ್ಲದವರು ಸಣ್ಣ ಲೋಟ, ಚಮಚ ಬಳಸಬಹುದು. ಕೂಸನ್ನು ಅರ್ಧ ಕೂರಿಸಿ ಹಿಡಿದು ಮೆಲ್ಲಗೆ ಕುಡಿಸಿ, ಗಂಟಲಿಗೆ ಹೊಯ್ಯಬೇಡಿ. ಆರು ತಿಂಗಳವರೆಗೆ ಬೇರೆ ಏನೂ ಬೇಡ, ನೀರೂ ಬೇಡ. ಆಮೇಲೆ ಗಂಜಿ, ಹಣ್ಣುಗಳ ಜೊತೆಗೆ ಎರಡು ವರ್ಷದವರೆಗೂ ಎದೆಹಾಲು ಮುಂದುವರಿಯಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಎದೆಯ ಒಂದು ಭಾಗ ಕೆಂಪಾಗಿ, ಬಿಸಿಯಾಗಿ ನೋಯತೊಡಗಿದರೆ ಅದು ನಮ್ಮ ದನಗಳಿಗೆ ಬರುವ ಕೆಚ್ಚಲು ಬಾವಿನಂಥದೇ ಕಾಯಿಲೆ. ಗಟ್ಟಿಯಾಗಿ ತಿಕ್ಕುವುದು, ನಾದುವುದು ಬೇಡ, ಅದರಿಂದ ಊತ ಹೆಚ್ಚುತ್ತದೆ. ತಣ್ಣೀರಿನ ಬಟ್ಟೆ ಇಟ್ಟುಕೊಂಡು, ಎಂದಿನಂತೆ ಕೂಸಿಗೆ ಹಾಲೂಡಿಸುತ್ತಿರಬೇಕು. ಕೂಸಿಗೆ ಅದರಿಂದ ಕೇಡಿಲ್ಲ. ಚಳಿ ಜ್ವರ ಬಂದು ಒಂದು ದಿನದಲ್ಲಿ ಇಳಿಯದಿದ್ದರೆ ವೈದ್ಯರ ಬಳಿಗೆ ಹೋಗಲೇಬೇಕು. ಕೀವು ಕಟ್ಟಿದ ಮೇಲೆ ಹೋದರೆ ಕೊಯ್ಯಬೇಕಾಗುತ್ತದೆ.

ಇಷ್ಟು ಹೊತ್ತು ಗೋಡೆ, ಬಾಗಿಲು ಇರುವ ಕೆಲಸದ ಸ್ಥಳಗಳ ಮಾತಾಯಿತು. ಗೋಡೆಯನ್ನು ಇನ್ನೂ ಕಟ್ಟುತ್ತಿರುವ ಕಡೆ ದುಡಿಯುವವರ ಗತಿಯೇನು? ನಮ್ಮಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವ ತಾಯಂದಿರೇ ಹೆಚ್ಚು. 1996ರ ಕಟ್ಟಡ ಕಾರ್ಮಿಕರ ಕಾನೂನು 50ಕ್ಕಿಂತ ಹೆಚ್ಚು ಹೆಂಗಸರಿದ್ದ ಕಡೆ ಶಿಶುಪಾಲನಾ ಕೋಣೆ ಇರಬೇಕೆಂದಿತ್ತು. ನಮ್ಮವರು ಹೋಗುವುದು ನಾಲ್ಕು ಹೆಂಗಸರಿರುವ ಸಣ್ಣ ಕೆಲಸಗಳಿಗೆ. 1969ರಲ್ಲಿ ದಿಲ್ಲಿಯಲ್ಲಿ ಮೀರಾ ಮಹಾದೇವನ್ ಅವರು ಕಟ್ಟಡದ ಕೆಲಸ ನಡೆಯುವಲ್ಲಿಯೇ ಡೇರೆ ಹಾಕಿ ಕೂಸುಗಳನ್ನು ನೋಡಿಕೊಳ್ಳಲು ತೊಡಗಿದ್ದರು, ‘ಮೊಬೈಲ್ ಕ್ರೆಷಸ್’ ಸಂಸ್ಥೆ ಬೆಳೆದದ್ದು ಹಾಗೆ. ಅಂಥದ್ದು ಇಲ್ಲಿ ನಮ್ಮ ಕೈಯಲ್ಲಿ ಆಗಿಲ್ಲ. ಇಬ್ಬರು ತಾಯಂದಿರು ಸಿಮೆಂಟ್ ಚೀಲಗಳ ಮರೆಯಲ್ಲಿ ಸೀರೆ ಕಟ್ಟಿಕೊಂಡು ಕೂರುತ್ತಾರೆ, ಒಬ್ಬಳು ಕಾವಲು ನಿಲ್ಲುತ್ತಾಳೆ. ಸಿಮೆಂಟಿನ ಧೂಳಿನಲ್ಲಿ ಹಿಡಿದ ಹಾಲನ್ನು ಮನೆಗೆ ತರಲಾಗದು, ಚೆಲ್ಲುತ್ತಾರೆ. ಎದೆ ಬತ್ತದಂತೆ ಕಾಯುವುದಕ್ಕೆ ಅಷ್ಟಾದರೂ ಆಗುತ್ತದೆ. ಹತ್ತಿರದ ಅಂಗನವಾಡಿಯ ಬಾಯಿಯನ್ನು ಕೇಳಿ ನೋಡಿ ಎಂದು ಅವರಿಗೆ ಹೇಳಿದ್ದೇನೆ.

ನಾಟಿಗೆ, ಕಳೆಗೆ, ಗೇರು ಹೆಕ್ಕಲು ಹೆಣ್ಣಾಳು ಕರೆಯುವ ಜಮೀನುದಾರರು ನಿಮ್ಮಲ್ಲಿಯೇ ಇದ್ದೀರಿ. ಬೇರೆಯವರ ಕಾರ್ಖಾನೆಯ ಬಗ್ಗೆ ಓದಿ ತಲೆದೂಗುವುದು ಸುಲಭ. ನಿಮ್ಮ ಗದ್ದೆಗೆ ಬರುವವಳಿಗೂ ಮನೆಯಲ್ಲಿ ಕೂಸು ಇರಬಹುದು. ನಿಮ್ಮ ಮನೆಯ ಹಿಂದಿನ ಪಡಸಾಲೆಯನ್ನು ಹತ್ತು ಗಂಟೆಗೊಮ್ಮೆ, ಒಂದು ಗಂಟೆಗೊಮ್ಮೆ ಬಿಟ್ಟುಕೊಡಿ, ಕೂಲಿ ಮುರಿಯಬೇಡಿ. ಪಂಪ್‌ಸೆಟ್ಟಿನ ಕೋಣೆಯಿದೆ, ಅಲ್ಲಿ ಕೂರಲಿ ಎಂದು ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಹೋಗಿ ನೋಡಿದರೆ ಒಳಗೆ ಕೀಟನಾಶಕದ ಅರ್ಧ ಖಾಲಿಯಾದ ಡಬ್ಬಿಗಳು, ಸಿಂಪಡಿಸುವ ಯಂತ್ರ, ಇಲಿ ಪಾಷಾಣ. ಡಬ್ಬಿಗಳನ್ನು ತೆಗೆದು, ನೆಲ ತೊಳೆದರೂ ನಾನು ಆ ಕೋಣೆಯನ್ನು ಒಪ್ಪಲಾರೆ. ಮನೆಯ ಪಡಸಾಲೆಯೇ ಸರಿ.

ಆ ಸೊಸೆಯ ಕೂಸಿಗೆ ಈಗ ಒಂಬತ್ತು ತಿಂಗಳು. ಹಾಲು ಮೊದಲಿನಷ್ಟು ಬಾರದಿದ್ದರೂ ಹಗಲಿನ ಎರಡು ಹೊತ್ತಿಗೆ ಆಗುವಷ್ಟು ಡಬ್ಬಿಯಲ್ಲಿ ಮನೆಗೆ ಬರುತ್ತದೆ. ಪುಡಿಯನ್ನು ಪೂರ್ತಿ ಬಿಡಲಾಗಲಿಲ್ಲ, ಅದನ್ನು ಮರೆಮಾಚುವುದಿಲ್ಲ. ಕೆಲಸ ಉಳಿದಿದೆ. ಅದೇ ಉಗ್ರಾಣದಲ್ಲಿ ಇನ್ನೊಬ್ಬಳು ತಾಯಿಯೂ ಕೂರುತ್ತಿದ್ದಾಳೆ. ಆಕೆ ಒಡಿಶಾದವಳು, ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು, ಚಿಲಕ ಮಾತ್ರ ಇಬ್ಬರಿಗೂ ಸಾಕಾಗಿದೆ.

ನಮ್ಮ ಸಭಾಭವನದ ಪಕ್ಕದಲ್ಲಿ ಹಳೆಯ ಕುರ್ಚಿಗಳನ್ನು ತುಂಬಿಟ್ಟಿದ್ದ ಸಣ್ಣ ಕೋಣೆಯನ್ನು ಈ ತಿಂಗಳು ಖಾಲಿ ಮಾಡಿಸಿದ್ದೇವೆ. ಪೇಟೆಯ ಅಂಗಡಿಗಳಲ್ಲಿ, ಮೀನು ತರಕಾರಿ ಮಾರುಕಟ್ಟೆಯಲ್ಲಿ, ಹತ್ತಿರದ ಕಟ್ಟಡದ ಕೆಲಸಗಳಲ್ಲಿ ದುಡಿಯುವ ಯಾವ ತಾಯಿಯಾದರೂ, ಯಾವ ಧರ್ಮದವಳಾದರೂ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಬಂದು ಕೂರಬಹುದು. ಹೆಸರು ಬರೆಯಿಸಬೇಕಾಗಿಲ್ಲ. ಪಂಖಾ ಇದೆ, ನಲ್ಲಿ ಹೊರಗಿದೆ. ದವಾಖಾನೆಯ ಫ್ರಿಜ್ಜಿನ ಮೇಲಿನ ಅರೆಯನ್ನು ಸಿಸ್ಟರ್ ಹಾಲಿನ ಡಬ್ಬಿಗಳಿಗಾಗಿ ಬಿಟ್ಟಿದ್ದಾರೆ, ಚೀಟಿ ಅಂಟಿಸಿ ಇಡಿ. ಕೀಲಿಕೈ ಅವರ ಬಳಿಯೇ ಇರುತ್ತದೆ. ಅವರಿಲ್ಲದ ಹೊತ್ತಿನಲ್ಲಿ ಅಡಿಗೆಯ ಬಾಯಿಯನ್ನು ಕೇಳಿ, ನನ್ನನ್ನು ಕೇಳಬೇಕಾಗಿಲ್ಲ.